ಹಳೆಯ ಪೀಠೋಪಕರಣ: ನಿಜವೆಷ್ಟು, ನಕಲೆಷ್ಟು?

ಗಡಿನಾಡಿನ ನಮ್ಮ ಊರುಗಳಲ್ಲಿ ಹಿರಿಯರು ಕಟ್ಟಿಸಿದ ಮನೆಗಳು ಒಂದೊಂದಾಗಿ ನೆಲ ಸೇರುತ್ತಿವೆ. ಪಾಲುಪಟ್ಟಿಯಾಗಿ ಆಸ್ತಿ ಹಂಚಿಹೋದ ಬಳಿಕ ಹತ್ತು ಕೋಣೆಯ ಮನೆಯನ್ನು ನೋಡಿಕೊಳ್ಳುವವರಿಲ್ಲ. ಮಕ್ಕಳು ಬೆಂಗಳೂರಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ ನೆಲಸಿದ್ದಾರೆ. ಮನೆ ಕೆಡಹುವ ದಿನ ನಿಶ್ಚಯವಾಯಿತೆಂಬ ಸುದ್ದಿ ಹೇಗೋ ಹಬ್ಬಿ, ಹಳೆಯ ಮರದ ವ್ಯಾಪಾರಿಗಳು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ತೊಲೆ ಜಂತಿಗಳಿಗೆ ಒಂದು ದರ ಹೇಳಿ, ಚಾವಡಿಯ ಮೂಲೆಯಲ್ಲಿರುವ ಸಂದೂಕವನ್ನೋ ಅಟ್ಟದ ಮೇಲಿನ ಕುರ್ಚಿಗಳನ್ನೋ ಕಡೆಗಣ್ಣಿನಿಂದ ನೋಡಿ, "ಇದು ಕುಟ್ಟೆ ಹಿಡಿದದ್ದು, ಸೌದೆಗೆ ಸರಿ, ಬೇಕಿದ್ದರೆ ಇದನ್ನೂ ಸಾಗಿಸಿಕೊಡುತ್ತೇವೆ" ಎಂದು ಉಪಕಾರ ಮಾಡುವವರಂತೆ ಹೇಳುವುದುಂಟು. ಅಂತಹ ಸಾಮಾನೇ ಕೆಲವು ತಿಂಗಳ ಮೇಲೆ ಕೊಚ್ಚಿಯ ಮಟ್ಟಾಂಚೇರಿಯ ಜ್ಯೂ ಟೌನಿನಲ್ಲೋ ಚೆಟ್ಟಿನಾಡಿನ ಕಾರೈಕುಡಿಯಲ್ಲೋ ಹೊಳಪು ಪಡೆದು, ಪರದೇಶದ ಪ್ರವಾಸಿಗರಿಗಾಗಿ ಕಾದು ನಿಂತಿರುತ್ತದೆ.

ಇದಕ್ಕೆ ವಿರುದ್ಧವಾದ ನಷ್ಟವೂ ಒಂದುಂಟು. ಹೊಸ ಮನೆ ಕಟ್ಟಿಸಿದವರು ಹಳತನದ ಗಾಂಭೀರ್ಯ ಬೇಕೆಂದು, "ಇನ್ನೂರು ವರ್ಷ ಹಳೆಯದು" ಎಂಬ ಮಾತನ್ನು ನಂಬಿ, ಕಳೆದ ವರ್ಷ ತಯಾರಾದ ಕುರ್ಚಿಗೆ ಕೈತುಂಬ ಹಣ ತೆರುತ್ತಾರೆ. ನಿಜವಾದುದನ್ನು ಸೌದೆಯ ಬೆಲೆಗೆ ಕಳೆದುಕೊಂಡವರಿಗೂ ಸುಳ್ಳನ್ನು ಚಿನ್ನದ ಬೆಲೆಗೆ ಕೊಂಡವರಿಗೂ ಕೊರತೆಯಾದುದು ಒಂದೇ: ಮರದ ವಸ್ತುವನ್ನು ತಿರುವಿ ನೋಡುವ ಅಭ್ಯಾಸ.

ಮೊದಲು, ನಮ್ಮ ಮನೆಗಳಲ್ಲಿ ಇದ್ದುದೇನೆಂಬುದನ್ನು ನೆನೆಯುವುದು ಒಳಿತು. ಕಾಸರಗೋಡಿನ ಕಡೆಯ ಹಳೆಯ ಮನೆಯಲ್ಲಿ ಕುಳಿತುಕೊಳ್ಳಲು ಇದ್ದುದು ಮಣೆ, ಚಾಪೆ, ಜಗಲಿ. ಮರದ ದೊಡ್ಡ ಸಾಮಾನೆಂದರೆ ಭತ್ತ ತುಂಬುವ ಪತ್ತಾಯ, ಪಾತ್ರೆ ವಸ್ತ್ರಗಳನ್ನಿಡುವ ಸಂದೂಕ, ತೊಟ್ಟಿಲು, ಮಂಚ. ಸಣ್ಣದೆಂದರೆ ಮರಿಗೆ, ಹೆರೆಮಣೆ, ಚೆನ್ನೆಮಣೆ, ಆಭರಣದ ಪೆಟ್ಟಿಗೆ. ಕುರ್ಚಿ ಮೇಜುಗಳು ನಮ್ಮಲ್ಲಿ ವ್ಯಾಪಕವಾದುದು 1799ರಲ್ಲಿ ಈ ಸೀಮೆ ಇಂಗ್ಲಿಷರ ಕೈಸೇರಿದ ಬಳಿಕ. ಕಚೇರಿ, ನ್ಯಾಯಾಲಯ, ಶಾಲೆಗಳ ಮೂಲಕ ಒಳಬಂದ ಈ ಪದ್ಧತಿ ಪಟೇಲರ, ವಕೀಲರ ಚಾವಡಿಗೇರಿ, ಸಾಮಾನ್ಯರ ಮನೆಗೆ ಬರುವಷ್ಟರಲ್ಲಿ ಬಹುಕಾಲ ಸಂದಿತ್ತು. 1907ರಲ್ಲಿ ಮಂಗಳೂರಿನವರೆಗೆ ರೈಲುಮಾರ್ಗ ಪೂರ್ಣವಾದ ಮೇಲೆ ದೂರದ ಪೇಟೆಗಳಿಂದ ಇಂತಹ ಸಾಮಾನು ತರಿಸುವುದು ಸುಲಭವಾಯಿತು. ಆದಕಾರಣ, "ನಮ್ಮ ಮನೆಯ ಆರಾಮ ಕುರ್ಚಿ ಮುನ್ನೂರು ವರ್ಷದ್ದು" ಎಂದು ಯಾರಾದರೂ ಹೇಳಿದರೆ ಗೌರವದಿಂದ ಕೇಳಬಹುದು, ನಂಬಬೇಕಾಗಿಲ್ಲ. ಪತ್ತಾಯದ ವಿಷಯದಲ್ಲಿ ಅದೇ ಮಾತು ಹೇಳಿದರೆ ಸ್ವಲ್ಪ ಹತ್ತಿರ ಹೋಗಿ ನೋಡಬೇಕಾಗುತ್ತದೆ.

ಮಾದರಿಯನ್ನು ನೋಡಿ ಕಾಲವನ್ನು ಊಹಿಸುವುದು ಒಂದು ದಾರಿ. ಕಡೆದ ದಪ್ಪ ಕಾಲುಗಳು, ಬೆನ್ನಿನ ಮೇಲೆ ಎಲೆಬಳ್ಳಿ ಹಣ್ಣುಗಳ ಕೆತ್ತನೆ, ಬೆತ್ತದ ಹೆಣಿಗೆಯ ಆಸನ - ಇದು ವಿಕ್ಟೋರಿಯಾ ರಾಣಿಯ ಕಾಲದ, ಎಂದರೆ 1837ರಿಂದ 1901ರವರೆಗಿನ ರುಚಿ. ಕಾಲು ಚಾಚಿಕೊಳ್ಳಲು ಉದ್ದನೆಯ ತೋಳುಗಳಿರುವ ಕುರ್ಚಿ ತೋಟದ ದೊರೆಗಳ ಬಂಗಲೆಗಳಿಂದ ನಮ್ಮ ಚಾವಡಿಗಳಿಗೆ ಬಂದುದು. ಕೆತ್ತನೆಯನ್ನು ಬಿಟ್ಟು, ಅಂಚುಗಳನ್ನು ದುಂಡಾಗಿಸಿ, ಮೆಟ್ಟಿಲುಮೆಟ್ಟಿಲಾದ ನೇರ ಗೆರೆಗಳಿಂದ ಅಲಂಕರಿಸಿದ ಕಪಾಟು, ಕನ್ನಡಿಮೇಜುಗಳು ಆರ್ಟ್ ಡೆಕೊ ಎಂಬ ಮಾದರಿಯವು. 1925ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ರದರ್ಶನದಿಂದ ಅದಕ್ಕೆ ಆ ಹೆಸರು. ಮುಂಬಯಿಯಲ್ಲಿ ಅದು 1930ರ ದಶಕದಲ್ಲಿ ಮೆರೆಯಿತು. ಮುಂಬಯಿಗೆ ದುಡಿಯಲು ಹೋದ ನಮ್ಮವರ ಕಣ್ಣಿಗೂ ಬಿದ್ದಿರಲೇಬೇಕು.

ಇವೆಲ್ಲದರ ನಡುವೆ ತನ್ನ ಗುರುತನ್ನು ತಾನೇ ಹೇಳುವ ಒಂದು ಕುರ್ಚಿಯಿದೆ. ವಿಯೆನ್ನಾದ ಮಿಖಾಯೆಲ್ ಥೋನೆಟ್ ಎಂಬವನ ಕಾರ್ಖಾನೆ 1859ರಲ್ಲಿ ಹೊರತಂದ 14ನೆಯ ಸಂಖ್ಯೆಯ ಕುರ್ಚಿ ಅದು. ಬೀಚ್ ಮರದ ದುಂಡು ಕೋಲುಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ ಬಗ್ಗಿಸುವುದು ಅದರ ರಹಸ್ಯ. ಇಡೀ ಕುರ್ಚಿಗೆ ಮರದ ತುಂಡುಗಳು ಆರೇ. ಹತ್ತು ತಿರುಪು ಮೊಳೆ, ಎರಡು ನಟ್ಟು. ಬಿಡಿಭಾಗಗಳಾಗಿ ಕಟ್ಟಿದರೆ ಒಂದು ಘನಮೀಟರು ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದುವು. ಆದ್ದರಿಂದಲೇ ಅದು ಹಡಗೇರಿ ಜಗತ್ತನ್ನೆಲ್ಲ ಸುತ್ತಿತು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಕಾಣಸಿಗುವ ಬಗ್ಗಿದ ಮರದ ಕುರ್ಚಿಗಳು ಇದರ ವಂಶದವೇ. ಆದರೆ 1869ರಲ್ಲಿ ಥೋನೆಟ್ಟಿನ ಏಕಸ್ವಾಮ್ಯ ಮುಗಿದ ಬಳಿಕ ಹತ್ತಾರು ಕಂಪೆನಿಗಳು ಅದೇ ರೂಪದ ಕುರ್ಚಿಯನ್ನು ಮಾಡಿದುವು. ಆದ್ದರಿಂದ ರೂಪ ಮಾತ್ರ ನೋಡಿ ತೀರ್ಮಾನಿಸಲಾಗದು. ಕುರ್ಚಿಯನ್ನು ಮಗುಚಿ, ಆಸನದ ಚೌಕಟ್ಟಿನ ಒಳಮೈಯಲ್ಲಿ ಒತ್ತಿದ ಮುದ್ರೆಯನ್ನೋ ಅಂಟಿಸಿದ ಕಾಗದದ ಚೀಟಿಯ ಅವಶೇಷವನ್ನೋ ಹುಡುಕಬೇಕು. ಅಟ್ಟದಲ್ಲಿ ಅಂತಹ ಕುರ್ಚಿಯಿದ್ದರೆ, ಅದಕ್ಕೆ ಬಣ್ಣ ಬಳಿಸುವ ಮುನ್ನ ದಯವಿಟ್ಟು ಒಮ್ಮೆ ಮಗುಚಿ ನೋಡಿರಿ.

ಮುಖವಲ್ಲ, ಬೆನ್ನು

ನಕಲು ಮಾಡುವವನು ಶ್ರಮಿಸುವುದು ಕಾಣುವ ಭಾಗದಲ್ಲಿ. ಹಳೆಯ ಆಚಾರಿಯೂ ಹಾಗೆಯೇ, ಆದರೆ ಬೇರೆ ಕಾರಣದಿಂದ. ಗೋಡೆಗೆ ತಾಗುವ ಹಿಂಬದಿಯನ್ನು, ಮೇಜಿನ ಅಡಿಯನ್ನು, ಡ್ರಾವರಿನ ತಳವನ್ನು ನುಣುಪು ಮಾಡುವ ವೃಥಾ ಶ್ರಮವನ್ನು ಅವನು ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿ ಬಾಚಿಯ ಏಟಿನ ತಗ್ಗುಗಳು, ಕೀಸುಳಿಯ ಅಲೆಗಳು ಹಾಗೆಯೇ ಉಳಿದಿರುತ್ತವೆ. ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ. ಗರಗಸದ ಗುರುತೂ ಮಾತನಾಡುತ್ತದೆ: ಇಬ್ಬರು ನಿಂತು ಎಳೆದ ಕೈಗರಗಸದ ಗೆರೆಗಳು ನೇರವಾಗಿದ್ದರೂ ಒಂದಕ್ಕೊಂದು ಸಮನಾಗಿರುವುದಿಲ್ಲ, ಯಂತ್ರದ ಚಕ್ರಗರಗಸದ ಗೆರೆ ಬಿಲ್ಲಿನಂತೆ ಬಾಗಿರುತ್ತದೆ, ಪಟ್ಟಿಗರಗಸದ ಗೆರೆಗಳು ನೇರವಾಗಿ, ಎಣಿಸಿಟ್ಟಂತೆ ಸಮಾನ ಅಂತರದಲ್ಲಿರುತ್ತವೆ.

ಸವೆತವನ್ನು ನೋಡುವಾಗ ಆ ವಸ್ತುವನ್ನು ಬಳಸಿದ ಮನುಷ್ಯರನ್ನು ಕಲ್ಪಿಸಿಕೊಳ್ಳಬೇಕು. ಕುರ್ಚಿಯ ತೋಳಿನ ತುದಿ ಅಂಗೈಗೆ ಸಿಕ್ಕಿ ನುಣುಪಾಗುತ್ತದೆ. ಮುಂಗಾಲುಗಳ ನಡುವಣ ಅಡ್ಡಪಟ್ಟಿ ಪಾದವಿಟ್ಟಲ್ಲಿ ತಗ್ಗಾಗುತ್ತದೆ. ಹಿಂಗಾಲುಗಳ ನಡುವಣದು ಹಾಗಾಗುವುದಿಲ್ಲ. ಡ್ರಾವರಿನ ಅಡಿಯ ಅಂಚು ಎಳೆದೆಳೆದು ತೇಯುತ್ತದೆ. ಹೆರೆಮಣೆಯ ಮೇಲೆ ಮೂರು ತಲೆಮಾರಿನ ಹೆಂಗಸರು ಕುಳಿತ ಗುರುತು ಎಲ್ಲಿರಬೇಕೋ ಅಲ್ಲಿಯೇ ಇರುತ್ತದೆ. ಸರಪಳಿಯಿಂದ ಹೊಡೆದು, ಮರಳು ಕಾಗದದಿಂದ ಉಜ್ಜಿ ಹಳತನ ತರಿಸುವವನ ಕೆಲಸದಲ್ಲಿ ಕೈಕಾಲು ತಾಗದ ಎಡೆಯಲ್ಲಿಯೂ ಅಷ್ಟೇ ಸವೆತ ಕಾಣುತ್ತದೆ.

ಬಣ್ಣವೂ ಹಾಗೆಯೇ. ಬೆಳಕು, ಗಾಳಿ, ಹೊಗೆ ತಾಗಿದ ಮೈ ಒಂದು ಬಣ್ಣ. ತಾಗದ ಮೈ ಇನ್ನೊಂದು. ಹಿಡಿಕೆಯ ಅಡಿಯಲ್ಲಿ, ಬಿಜಾಗರಿಯ ಕೆಳಗೆ, ಡ್ರಾವರಿನ ಒಳಗೆ ಮರ ತಿಳಿಯಾಗಿರಬೇಕು. ಒಳಗೂ ಹೊರಗೂ ಒಂದೇ ಸಮನಾದ ಕಂದು ಬಣ್ಣವಿದ್ದರೆ ಅದು ಕಾಲ ಕೊಟ್ಟ ಬಣ್ಣವಲ್ಲ, ಡಬ್ಬಿಯಿಂದ ಬಂದುದು. ದುಂಡು ಮೇಜಾದರೆ ಅಳತೆಪಟ್ಟಿಯನ್ನು ತನ್ನಿ. ಮರ ಒಣಗುತ್ತ ಕುಗ್ಗುವುದು ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಆದ್ದರಿಂದ ಬಹುಕಾಲದ ದುಂಡು ಹಲಗೆ ಒಂದು ದಿಕ್ಕಿನಲ್ಲಿ ಒಂದೆಳೆಯಷ್ಟು ಕಿರಿದಾಗಿರುತ್ತದೆ. ತೇಗ ಕುಗ್ಗುವುದು ಬಹಳ ಕಡಿಮೆಯಾದುದರಿಂದ ಅದರಲ್ಲಿ ಈ ಪರೀಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ.

ಕುಟ್ಟೆಹುಳುವಿನ ರಂಧ್ರಗಳನ್ನು ಹಳತನದ ಸಾಕ್ಷಿಯೆಂದು ತೋರಿಸುವುದು ಮಾಮೂಲು. ಹುಳು ಕೊರೆದ ದಾರಿ ಒಳಗೆ ಅಂಕುಡೊಂಕಾಗಿರುತ್ತದೆ. ಸಣ್ಣ ತಂತಿ ತೂರಿಸಿದರೆ ಸ್ವಲ್ಪದರಲ್ಲಿಯೇ ತಡೆಯುತ್ತದೆ. ಬೈರಿಗೆಯಿಂದ ಕೊರೆದ ತೂತಿನಲ್ಲಿ ತಂತಿ ನೇರವಾಗಿ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮ: ಹುಳು ಹೊರಬರುವುದು ದುಂಡು ರಂಧ್ರದಿಂದ. ಮರದ ಮೇಲ್ಮೈಯಲ್ಲಿ ಹುಳುವಿನ ದಾರಿ ಕಾಲುವೆಯಂತೆ ಉದ್ದಕ್ಕೆ ತೆರೆದು ಬಿದ್ದಿದ್ದರೆ, ಹುಳು ತಿಂದ ಹಳೆಯ ತೊಲೆಯನ್ನು ಆ ಬಳಿಕ ಕೊಯ್ದು ಈ ವಸ್ತುವನ್ನು ಮಾಡಿದ್ದಾರೆಂದು ತಿಳಿಯಬೇಕು.

ಇಂದಿನ ಅತ್ಯಂತ ಜಾಣ ನಕಲು ಇದೇ. ಮರ ನಿಜವಾಗಿಯೂ ನೂರು ವರ್ಷ ಹಳೆಯದು. ವಸ್ತು ಮಾತ್ರ ಹೊಸದು. ಕೆಡವಿದ ಮನೆಯ ಬಾಗಿಲು ಮೇಜಾಗುತ್ತದೆ, ಕಿಟಕಿಯ ದಳಿ ಕನ್ನಡಿಯ ಚೌಕಟ್ಟಾಗುತ್ತದೆ, ಮಂಚದ ಕಾಲು ಬೆಂಚಿನ ಕಾಲಾಗುತ್ತದೆ. ಕೆಲಸವಿಲ್ಲದ ಕಡೆ ಮೊಳೆಯ ತೂತುಗಳು, ಬಿರಡೆ ಹಾಕಿ ಮುಚ್ಚಿದ ಚೌಕಗಳು, ಅರ್ಧಕ್ಕೆ ತುಂಡಾದ ಕೆತ್ತನೆ - ಇವು ಹಿಂದಿನ ಜನ್ಮದ ಗುರುತುಗಳು. ಹಾಗೆಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಒಳ್ಳೆಯ ಮರ ಮಣ್ಣುಪಾಲಾಗದೆ ಉಳಿಯಿತೆಂದು ಸಂತೋಷಪಡಬಹುದು. ಹಳೆಯ ಮೇಜೆಂದು ಮಾರುವುದು ಮಾತ್ರ ವಂಚನೆ.

ಮೊಳೆ ಮತ್ತು ತಿರುಪು

ಪೀಠೋಪಕರಣಗಳ ಕಾಲನಿರ್ಣಯದ ಬಗೆಗೆ ಇಂಗ್ಲಿಷಿನಲ್ಲಿ ಪುಸ್ತಕಗಳು ಬೇಕಾದಷ್ಟಿವೆ. ಅವುಗಳ ನಿಯಮಗಳೆಲ್ಲ ಯುರೋಪಿನ ಅನುಭವದಿಂದ ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಮುಂಚಿನ ತಿರುಪು ಮೊಳೆಯ ತುದಿ ಮೊಂಡಾಗಿರುತ್ತಿತ್ತು, ತಲೆಯ ಸೀಳು ಸ್ವಲ್ಪ ಓರೆಯಾಗಿರುತ್ತಿತ್ತು; ಚೂಪು ತುದಿಯ ಯಂತ್ರದ ತಿರುಪು ಬಂದುದು ಆ ಬಳಿಕ. ತಂತಿಯಿಂದ ಮಾಡಿದ ದುಂಡು ಮೊಳೆ ವ್ಯಾಪಕವಾದುದು ಆ ಶತಮಾನದ ಕೊನೆಗೆ. ಡ್ರಾವರಿನ ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಗಳು ಅಸಮವಾಗಿದ್ದರೆ ಕೈಕೆಲಸ, ಅಚ್ಚಿನಂತಿದ್ದರೆ ಯಂತ್ರದ ಕೆಲಸ. ಇವೆಲ್ಲ ಸರಿಯೇ. ಆದರೆ ಇವನ್ನು ನಮ್ಮ ಊರಿಗೆ ಹಾಗೆಯೇ ತಂದು ಅನ್ವಯಿಸಿದರೆ ಎಡವುತ್ತೇವೆ.

ನಮ್ಮ ಹಳ್ಳಿಗಳಲ್ಲಿ ಆಚಾರಿ ಬಾಚಿ ಉಳಿಗಳಿಂದಲೇ ಕೆಲಸ ಮಾಡುವುದು, ಕಮ್ಮಾರ ಮೊಳೆ ಬಡಿದು ಕೊಡುವುದು ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ನಡೆದು ಬಂದಿದೆ. ಆದ್ದರಿಂದ ಅಸಮವಾದ ಹಲ್ಲುಗಳು, ಬಡಿದು ಮಾಡಿದ ಮೊಳೆ, ಬಾಚಿಯ ಗುರುತು - ಇವು ಕೈಕೆಲಸವನ್ನು ಸಾಧಿಸುತ್ತವೆಯೇ ಹೊರತು ನೂರು ವರ್ಷವನ್ನು ಸಾಧಿಸುವುದಿಲ್ಲ. 1950ರಲ್ಲಿ ಮದುವೆಗಾಗಿ ಮಾಡಿಸಿದ ಸಂದೂಕದಲ್ಲಿಯೂ ಇವೆಲ್ಲ ಇರಬಹುದು.

ಹಾಗಾದರೆ ಈ ಗುರುತುಗಳಿಂದ ಏನು ಪ್ರಯೋಜನ? ಅವು "ಇದು ಇಂತಹ ಕಾಲದ್ದು" ಎನ್ನಲಾರವು. "ಇದು ಇಂತಹ ಕಾಲಕ್ಕಿಂತ ಹಿಂದಿನದಲ್ಲ" ಎಂದು ಖಂಡಿತವಾಗಿ ಹೇಳಬಲ್ಲವು. ಕೂಡಿಸುವ ಚಿಹ್ನೆಯ ಆಕಾರದ ಸೀಳುಳ್ಳ ತಿರುಪು ಮೊಳೆ 1930ರ ದಶಕಕ್ಕಿಂತ ಹಿಂದೆ ಇರಲಿಲ್ಲ. ನಮಗೆ ಸಮೀಪದ ವಳಪಟ್ಟಣದಲ್ಲಿ ಪ್ಲೈವುಡ್ಡಿನ ಕಾರ್ಖಾನೆ ಸ್ಥಾಪನೆಯಾದುದು 1945ರಲ್ಲಿ. ಪ್ಲೈವುಡ್ಡಿನ ಹಿಂಬದಿಯುಳ್ಳ ಕಪಾಟನ್ನು ನೋಡುವಾಗ ಇದನ್ನು ನೆನಪಿಡಬೇಕು. ಇಲ್ಲಿಯೂ ವಿವೇಚನೆ ಬೇಕು. ಮುರಿದ ತಳವನ್ನು ಯಾರೋ ಆಮೇಲೆ ಬದಲಿಸಿರಬಹುದು, ಬಿಜಾಗರಿ ತುಕ್ಕು ಹಿಡಿದು ಹೊಸದನ್ನು ಕೂರಿಸಿರಬಹುದು. ಒಂದು ಹೊಸ ಮೊಳೆ ಕಂಡಿತೆಂದು ಇಡೀ ವಸ್ತುವನ್ನು ತಳ್ಳಿಹಾಕುವುದು ಅವಸರವಾದೀತು. ಹೊಸ ಬಿಜಾಗರಿಯ ಪಕ್ಕದಲ್ಲಿ ಹಳೆಯದರ ಅಚ್ಚು, ಅದರ ಮೊಳೆಯ ತೂತು ಕಾಣುತ್ತದೆಯೇ ಎಂದು ನೋಡಿದರೆ ಸಂಗತಿ ತಿಳಿಯುತ್ತದೆ.

ಬರೆದ ಇಸವಿಯನ್ನು ನಂಬುವುದರಲ್ಲಿಯೂ ಅಪಾಯವಿದೆ. ಬಾಸೆಲ್ ಮಿಶನ್ನಿನ ಹೆಂಚುಗಳ ಮೇಲೆ 1865 ಎಂದಿರುವುದನ್ನು ಕಂಡು, ತಮ್ಮ ಮನೆಯ ಮಾಡಿಗೆ ಆ ವರ್ಷವೇ ಹೆಂಚು ಹೊದೆಸಿದರೆಂದು ಹೇಳುವವರನ್ನು ಕಾಣುತ್ತೇವೆ. ಅದು ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ. ಬೀಗ, ಗಡಿಯಾರ, ಕಪಾಟುಗಳ ಮೇಲಿನ ಇಸವಿಗಳನ್ನೂ ಇದೇ ಎಚ್ಚರದಿಂದ ಓದತಕ್ಕದ್ದು.

ಮರ, ಮೆರುಗು, ಅಲಂಕಾರ

ಬೀಟೆ, ತೇಗ, ಹಲಸು - ನಮ್ಮ ಸಾಮಾನುಗಳಲ್ಲಿ ಮುಖ್ಯವಾದುವು ಇವು ಮೂರು. ಬೀಟೆ ಭಾರವಾದ ಮರ; ಕಪ್ಪು ಮಿಶ್ರಿತ ಕಂದಿನಲ್ಲಿ ನೇರಳೆಯ ಗೆರೆಗಳು. ಸಾಧಾರಣ ಮರಕ್ಕೆ ಕಪ್ಪು ಬಳಿದು ಬೀಟೆಯೆನ್ನುವುದು ಹಳೆಯ ಉಪಾಯ. ಕಾಣದ ಎಡೆಯಲ್ಲಿ ಉಗುರಗಲ ಕೆರೆದರೆ ಬೀಟೆಯ ಬಣ್ಣ ಒಳಗೂ ಇರುತ್ತದೆ, ಬಳಿದುದರ ಒಡಲು ಬಿಳಿಚಿಕೊಂಡಿರುತ್ತದೆ. ಬೀಟೆಯ ಹೊರಪದರಕ್ಕೆ ಮಾತ್ರ ಬಣ್ಣ ಬಿಳಿಹಳದಿ. ಕುಟ್ಟೆ ಹಿಡಿಯುವುದು ಸಾಮಾನ್ಯವಾಗಿ ಅಲ್ಲಿಯೇ. ಹಲಸಿನ ಮರ ಕೊಯ್ದಾಗ ಹಳದಿ, ವರ್ಷಗಳು ಕಳೆದಂತೆ ಕೆಂಪಡರಿದ ಕಂದು. ಹಲಸೆಂದೊಡನೆ ಅಗ್ಗದ್ದೆಂದು ತಿಳಿಯುವವರಿದ್ದಾರೆ. ಹೊಗೆಯಲ್ಲಿ ಹದಗೊಂಡ ಹಳೆಯ ಹಲಸಿನ ಹಲಗೆಯ ಬಣ್ಣ ಬೀಟೆಗೂ ಬಾರದೆಂಬುದು ಈ ಲೇಖಕನ ಅಭಿಪ್ರಾಯ.

ತಲಶ್ಶೇರಿಯ ಬಳಿಯ ನೆಟ್ಟೂರಿನ ಹೆಸರನ್ನು ಹೊತ್ತ ನೆಟ್ಟೂರು ಪೆಟ್ಟಿಗೆ ಇಂದು ಅಲಂಕಾರಪ್ರಿಯರ ಕಣ್ಣಿಗೆ ಬಿದ್ದಿದೆ. ದೇವಸ್ಥಾನದ ಮಾಡಿನಂತೆ ಇಳಿಜಾರಾದ ಮುಚ್ಚಳ, ಹಿತ್ತಾಳೆಯ ಪಟ್ಟಿಗಳು, ಕೆಂಪು ಅರಗಿನ ಮೆರುಗು - ಹೆಂಗಸರ ಆಭರಣಗಳಿಗಾಗಿ ಮಾಡುತ್ತಿದ್ದ ಪೆಟ್ಟಿಗೆಯಿದು. ಹೊಸದಾಗಿಯೂ ಚೆನ್ನಾಗಿ ಮಾಡುತ್ತಾರೆ. ಹೊಸದೆಂದು ತಿಳಿದು ಕೊಂಡರೆ ಅದೂ ಒಳ್ಳೆಯ ವಸ್ತುವೇ. ಹಳೆಯದೆಂದು ಮಾರುವಾಗ ಪಟ್ಟಿಯ ಅಂಚನ್ನು ಪರಿಶೀಲಿಸಬೇಕು. ಬಹುಕಾಲ ಕುಳಿತ ಪಟ್ಟಿಯ ಸುತ್ತ ಕಿಲುಬು, ಕೊಳೆ ಗಟ್ಟಿಯಾಗಿ ನಿಂತಿರುತ್ತದೆ. ಉಬ್ಬಿದ ಭಾಗ ಮಾತ್ರ ಕೈತಾಗಿ ಹೊಳೆಯುತ್ತದೆ. ರಾಸಾಯನಿಕದಿಂದ ಕಪ್ಪಾಗಿಸಿದ ಹಿತ್ತಾಳೆ ಎಲ್ಲೆಡೆ ಒಂದೇ ಸಮನಾಗಿ ಮಂಕಾಗಿರುತ್ತದೆ.

ಮೈಸೂರಿನ ಬೀಟೆಯ ಕೆತ್ತನೆಯ ಕೆಲಸದಲ್ಲಿ ಹಿಂದೆ ದಂತವನ್ನು ಕೂರಿಸುತ್ತಿದ್ದರು. 1897ರಿಂದ 1912ರವರೆಗೆ ಕಟ್ಟಲಾದ ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಆ ವೈಭವವನ್ನು ಕಾಣಬಹುದು. ಇಂದು ದಂತದ ವ್ಯಾಪಾರ ಕಾನೂನಿಗೆ ವಿರುದ್ಧ. ಬಣ್ಣಬಣ್ಣದ ಮರ, ಪ್ಲಾಸ್ಟಿಕ್ಕುಗಳು ಆ ಸ್ಥಾನಕ್ಕೆ ಬಂದಿವೆ. ನಿಜದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಸೂಕ್ಷ್ಮ ಗೆರೆಗಳಿರುತ್ತವೆ, ಮೂಳೆಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ. ಮನೆಯಲ್ಲಿ ದಂತವಿರುವ ಹಳೆಯ ಪೆಟ್ಟಿಗೆಯಿದ್ದರೆ ಮಾರಾಟದ ಮಾತಿಗೆ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಮೆರುಗಿನ ಬಗೆಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು. ಕಾಣದ ಮೂಲೆಗೆ ಹತ್ತಿಯಿಂದ ಸ್ಪಿರಿಟಿನ ಒಂದು ಹನಿ ಮುಟ್ಟಿಸಿದರೆ ಅರಗು ಮೆತ್ತಗಾಗಿ ಅಂಟುತ್ತದೆ, ಇಂದಿನ ಗಟ್ಟಿ ವಾರ್ನಿಷು ಅಲುಗುವುದಿಲ್ಲ. ಹಳೆಯ ಸಾಮಾನನ್ನು ಚಂದಗಾಣಿಸಬೇಕೆಂದು ಮೈಯನ್ನೆಲ್ಲ ಯಂತ್ರದಿಂದ ಉಜ್ಜಿಸಿ ಹೊಸ ವಾರ್ನಿಷು ಹೊಡೆಸುವವರು, ಮೇಲೆ ಹೇಳಿದ ಸಾಕ್ಷಿಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಧೂಳು ಮಾಡುತ್ತಾರೆ. ಕುಟ್ಟೆಗೆ ಮದ್ದು ಹಾಕಿಸಿ, ಸಡಿಲವಾದ ಕೀಲನ್ನು ಬಿಗಿಗೊಳಿಸಿ, ಒಣಬಟ್ಟೆಯಿಂದ ಒರೆಸಿದರೆ ಸಾಕಾಗುತ್ತದೆ.

ಬೆಲೆ ತಿಳಿಯದೆ ಕಳೆದುಕೊಂಡವರು ಹಳ್ಳಿಯವರು ಮಾತ್ರವೆಂದು ಭಾವಿಸಬೇಕಾಗಿಲ್ಲ. ಚಂಡೀಗಢವನ್ನು ಕಟ್ಟುವಾಗ, 1951ರಿಂದ 1965ರವರೆಗೆ ಅಲ್ಲಿದ್ದ ಶಿಲ್ಪಿ ಪಿಯರ್ ಜಾನೆರೆ ಸರಕಾರಿ ಕಚೇರಿ ಕಾಲೇಜುಗಳಿಗಾಗಿ ತೇಗ ಮತ್ತು ಬೆತ್ತದ ಸರಳ ಕುರ್ಚಿಗಳನ್ನು ರೂಪಿಸಿದನು. ಮುರಿದುವೆಂದು ಇಲಾಖೆಗಳು ಅವನ್ನು ಗುಜರಿಯ ದರಕ್ಕೆ ಹರಾಜು ಹಾಕಿದುವು. ಪರದೇಶದ ವ್ಯಾಪಾರಿಗಳು ಕೊಂಡು, ದುರಸ್ತಿ ಮಾಡಿಸಿ, ಯುರೋಪು ಅಮೆರಿಕಗಳ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹಖಾತೆ ಅವುಗಳ ಮಾರಾಟವನ್ನು ತಡೆಯುವ ಆದೇಶ ಹೊರಡಿಸುವ ಹೊತ್ತಿಗೆ ಎಷ್ಟೋ ಸಾಮಾನು ಸಮುದ್ರ ದಾಟಿತ್ತು. 1972ರ ಪುರಾವಸ್ತು ಕಾಯ್ದೆ ರಕ್ಷಣೆ ಕೊಡುವುದು ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳಿಗೆ, ಕೈಬರಹದ ಗ್ರಂಥಗಳಾದರೆ 75 ವರ್ಷ. ನಿಜವಾದ ಪುರಾವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವಂತಿಲ್ಲ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. "ಇದು ನೂರೈವತ್ತು ವರ್ಷದ್ದು, ದುಬಾಯಿಗೆ ನಾವೇ ಕಳುಹಿಸಿಕೊಡುತ್ತೇವೆ" ಎನ್ನುವ ವ್ಯಾಪಾರಿ ಒಂದೋ ಸುಳ್ಳಾಡುತ್ತಿದ್ದಾನೆ, ಇಲ್ಲವೇ ಕಾನೂನು ಮುರಿಯುತ್ತಿದ್ದಾನೆ.

ಮನೆ ಕೆಡಹುವುದು ಅನಿವಾರ್ಯವಾದರೆ, ಸಾಮಾನು ಅಂಗಳಕ್ಕಿಳಿಯುವ ಮುನ್ನ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಿರಿ. ಒಂದೊಂದರ ಮುಂದು, ಹಿಂದು, ಅಡಿಗಳ ಫೋಟೋ ತೆಗೆಯಿರಿ. ಇದನ್ನು ಮಾಡಿದ ಆಚಾರಿ ಯಾರು, ಯಾರ ಮದುವೆಗೆ ಬಂತು, ಮರ ಯಾವ ಗುಡ್ಡದ್ದು ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿರಿ. ಗಂಡಸರಿಗಿಂತ ಅವರಿಗೆ ಇದು ಹೆಚ್ಚು ನೆನಪಿರುತ್ತದೆ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಆಚಾರಿಗೆ ಕೊಟ್ಟ ಕೂಲಿಯ ಸಾಲು ಸಿಕ್ಕಿದರೆ, ಅದಕ್ಕಿಂತ ಬಲವಾದ ಸಾಕ್ಷಿ ಬೇರೊಂದಿಲ್ಲ. ಇವನ್ನು ಬರೆದು ಲಕೋಟೆಯಲ್ಲಿಟ್ಟು, ಆ ಸಾಮಾನಿನೊಳಗೇ ಇರಿಸಿರಿ.

ಪತ್ತಾಯವನ್ನು ಬಿಚ್ಚುವಾಗ ಮಾತ್ರ ಅವಸರ ಬೇಡ. ಅದು ಬಾಗಿಲಿನಲ್ಲಿ ಹಿಡಿಯದಷ್ಟು ದೊಡ್ಡದಾದರೆ, ಕೋಣೆಯ ಒಳಗೆಯೇ ಹಲಗೆಗಳನ್ನು ಜೋಡಿಸಿ ನಿಲ್ಲಿಸಿದ್ದಾರೆಂದು ತಿಳಿಯಬೇಕು. ಯಾವ ಹಲಗೆ ಯಾವ ಮೂಲೆಗೆಂದು ಆಚಾರಿ ಗುರುತು ಮಾಡಿದ್ದರೆ, ಅದು ಹಲಗೆಗಳು ಕೂಡುವ ಒಳ ಅಂಚಿನಲ್ಲಿ, ಉಳಿಯ ಗೀಟುಗಳಾಗಿಯೋ ಅಂಕೆಗಳಾಗಿಯೋ ಇದ್ದೀತು. ಮೊದಲು ಅದನ್ನು ಹುಡುಕಿ, ಫೋಟೋ ತೆಗೆದು, ಆ ಬಳಿಕ ಕೀಲು ಬಿಚ್ಚಿಸಿರಿ.